ಆಕಾಶದಿಂದ ಕಂಡ ಹಳ್ಳ

ತುರ್ವಿಹಾಳದ ದುರುಗಪ್ಪನ ಗದ್ದೆಯಲ್ಲಿ ಭತ್ತಕ್ಕಿಂತ ಉಪ್ಪೇ ಚೆನ್ನಾಗಿ ಬೆಳೆಯುತ್ತದೆ ಎಂದು ಊರವರು ನಗೆಯಾಡುತ್ತಿದ್ದರು. ನೀರು ಆರಿದರೆ ಸಾಕು, ನಡುಗದ್ದೆಯಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿ ಉಪ್ಪಿನ ಸವುಳು ಏಳುತ್ತಿತ್ತು. ನಾಟಿ ಮಾಡಿದ ಸಸಿ ಅಲ್ಲೇ ಸುಟ್ಟುಹೋಗುತ್ತಿತ್ತು. ಉಪ್ಪು ತೊಳೆದು ಹೋಗಲಿ ಎಂದು ದುರುಗಪ್ಪ ಮತ್ತಷ್ಟು ಕಾಲುವೆ ನೀರು ಹಾಯಿಸಿದ. ಬಿಳಿ ಇನ್ನೂ ಅಗಲವಾಯಿತು. ಗ್ರಹದ ಕಾಟ ಎಂದು ಯಾರೋ ಹೇಳಿದ್ದಕ್ಕೆ ಬದುವಿನುದ್ದಕ್ಕೂ ಲಿಂಬೆಹಣ್ಣು ಹೂಳಿದ. ಈ ಸಲವೂ ಪೈರು ಹಿಡಿಯದಿದ್ದರೆ ಹೊಲ ಬೀಳು ಬಿಟ್ಟು, ಮನೆಮಂದಿಯೆಲ್ಲ ಬಳಗಾನೂರಿಗೆ ಕೂಲಿಗೆ ಹೋಗುವುದೆಂದು ಮಾತಾಗಿತ್ತು. ಸೊಸೆ ಗದ್ದೆಮ್ಮ ಕೇಳಿಯೂ ಕೇಳದವಳಂತಿದ್ದಳು. ಮಾವನ ಎದುರು ಆಕೆ ಮಾತಾಡಿದವಳಲ್ಲ.

ಅದು ತೊಂಬತ್ತಾರನೇ ಇಸವಿ. ಕಾಲುವೆಗೆ ನೀರು ಬಿಡುವ ಮುಂಚೆ, ಸಿಂಧನೂರಿನ ಕೃಷಿ ಕಚೇರಿಯ ಮೆಹಬೂಬ್‌ಬೀ ಸುರುಳಿ ಸುತ್ತಿದ ಕಾಗದ ಹಿಡಿದು ಬಂದಳು. ದುರುಗಪ್ಪನ ಮನೆಯ ಕಟ್ಟೆಯ ಮೇಲೆ ಬಿಚ್ಚಿ, ಇದು ಹೋದ ಹಂಗಾಮಿನಲ್ಲಿ ಉಪಗ್ರಹ ತೆಗೆದ ನಿಮ್ಮೂರ ಚಿತ್ರ ಎಂದಳು.

"ಇದ್ದ ಗ್ರಹನ ಬಿಟ್ಟು ಹೋಗವಲ್ದು, ನೀ ಇನ್ನೊಂದು ತಂದೀಯೇನವಾ?" ಎಂದ ದುರುಗಪ್ಪ.

"ಇದು ಕಾಡೋ ಗ್ರಹ ಅಲ್ಲ ಕಾಕಾ. ಮನುಷ್ಯಾರು ಮಾಡಿ ಮ್ಯಾಲೆ ಕಳಿಸಿದ ಯಂತ್ರ. ಭೂಮಿ ಸುತ್ತಕೋಂತ ಫೋಟೋ ಹಿಡಿತೈತಿ."

ಚಿತ್ರವೆಲ್ಲ ಕೆಂಪು. ನಮ್ಮದು ಕರೀ ನೆಲ, ಇದು ಬೇರೆ ಯಾವುದೋ ಊರು ಎಂದು ದುರುಗಪ್ಪ ಕೈ ಕೊಡವಿದ. ಮೆಹಬೂಬ್‌ಬೀ ಬಿಡಿಸಿ ಹೇಳಿದಳು. ಹಸಿರು ಬೆಳೆ ಈ ಚಿತ್ರದಲ್ಲಿ ಕೆಂಪಾಗಿ ಬೀಳುತ್ತದೆ. ಸವುಳು ಬಿಳಿ, ನೀರು ನಿಂತ ನೆಲ ಕಪ್ಪು. ಊರಿನ ನಕಾಶೆಯನ್ನು ಕಂಪ್ಯೂಟರಿನಲ್ಲಿ ಇದರ ಮೇಲೆ ಕೂಡಿಸಿದ್ದಾರೆ, ಹಾಗಾಗಿ ಯಾರ ಹೊಲ ಯಾವುದೆಂದು ತಿಳಿಯುತ್ತದೆ. ಕಾಲುವೆ ಗುರುತು ಹತ್ತಿತು, ಆಮೇಲೆ ಬಸ್ಸಿನ ದಾರಿ, ಆಮೇಲೆ ದುರುಗಪ್ಪನ ಗದ್ದೆ.

ಬಾಗಿಲ ಮರೆಯಲ್ಲಿದ್ದ ಗದ್ದೆಮ್ಮನ ಕಣ್ಣು ಒಂದು ಕಪ್ಪು ಗೆರೆಯ ಬೆನ್ನು ಹತ್ತಿತ್ತು. ಮೇಲಿನ ಹೊಲಗಳಿಂದ ಬಂದ ಗೆರೆ ಇವರ ಬದುವಿಗೆ ನಿಂತಿತ್ತು. ಕೆಳಗಿನ ಬದುವಿನಾಚೆ ಮತ್ತೆ ಶುರುವಾಗಿತ್ತು. ನಡುವೆ ಬಿಳಿ. ನಾಟಿ ಮಾಡುವಾಗ ಅಲ್ಲೇ ಕಾಲು ಮೊಣಕಾಲ ತನಕ ಹೂತುಕೊಳ್ಳುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲೇ ಬಟ್ಟೆ ಒಗೆದದ್ದು ನೆನಪಾಯಿತು. ಸೆರಗು ಸರಿ ಮಾಡಿಕೊಂಡು ಬಂದು, ಗೆರೆ ನಿಂತಲ್ಲಿ ಬೆರಳಿಟ್ಟಳು.

"ಮಾವಾರ, ಇಲ್ಲೆ ಹಳ್ಳ ಇತ್ತಲ್ರಿ. ಗದ್ದಿ ಸಮ ಮಾಡಾಕ ಟ್ರ್ಯಾಕ್ಟರ್ ತಂದು ಮುಚ್ಚಿಸಿದ್ವಿ."

ಹಳ್ಳದ ಸುದ್ದಿ ಮೆಹಬೂಬ್‌ಬೀಗೆ ಗೊತ್ತಿರಲಿಲ್ಲ. ಆದರೆ ಈಗ ಎಲ್ಲ ಹೊಂದಿಕೊಂಡಿತು, ಆಕೆ ವಿವರಿಸಿದಳು. ಬಸಿದು ಹೋಗಲು ದಾರಿಯಿಲ್ಲದ ನೀರು ಒಳಗೇ ನಿಂತು, ಉಪ್ಪನ್ನು ಮೇಲಕ್ಕೆ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಇನ್ನಷ್ಟು ನೀರು ಹಾಯಿಸಿದರೆ ಇನ್ನಷ್ಟು ಉಪ್ಪು.

ದುರುಗಪ್ಪ ಚಿತ್ರದ ಬಿಳಿಯ ಮೇಲೆ ತಾನೂ ಬೆರಳಿಟ್ಟ. "ಅಂದ್ರ ಹೊಲಕ್ಕ ಹಿಡಿದ ಗ್ರಹ ನಾನೇ ಅನ್ನು," ಎಂದ.

ಮರುದಿನವೇ ಸಲಿಕೆ ಬಿತ್ತು. ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಕೂಡಿ, ನಿಂತ ನೀರು ಕೆಳಗಿನ ಹಳ್ಳಕ್ಕೆ ಇಳಿಯುವಂತೆ ಬದುವಿನ ಪಕ್ಕದಲ್ಲಿ ಬಸಿಗಾಲುವೆ ತೆಗೆದರು. ಅಗೆಯುವಾಗ ಒಣಗಿದ ಲಿಂಬೆಹಣ್ಣೊಂದು ಸಿಕ್ಕಿತು. ದುರುಗಪ್ಪ ಯಾರಿಗೂ ಕಾಣದಂತೆ ಅದನ್ನು ಆಚೆ ಎಸೆದ. ಗದ್ದೆಮ್ಮ ನೋಡಿದಳು, ನೋಡದವಳಂತೆ ಬುಟ್ಟಿ ಎತ್ತಿದಳು. ಆ ಹಂಗಾಮಿನಲ್ಲಿ ಸವುಳಿನ ಅಂಚಿನ ಸಸಿಗಳು ಬೇರು ಹಿಡಿದವು. ಬಳಗಾನೂರಿನ ಕೂಲಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಮರುವರ್ಷದ ಚಿತ್ರ ಬಂದಾಗ ದುರುಗಪ್ಪನೇ ಸೊಸೆಯನ್ನು ಕೂಗಿದ: "ಬಾರವ್ವ, ನಮ್ಮ ಹೊಲ ಎಷ್ಟು ಕೆಂಪಾಗೈತಿ ನೋಡಿ ಹೇಳು."

ನಿಮ್ಮ ಗದ್ದೆಯಲ್ಲೂ ಸವುಳು ಎದ್ದಿದೆಯೇ? ನೀರು ಹೆಚ್ಚಿಸಬೇಡಿ. ಕೃಷಿ ಕಚೇರಿಗೆ ಹೋಗಿ ನಿಮ್ಮೂರಿನ ಉಪಗ್ರಹ ಚಿತ್ರ ತೋರಿಸಿ ಎಂದು ಕೇಳಿ. ಹೋಗುವಾಗ ಗದ್ದೆಯ ಕೆಸರಿನಲ್ಲಿ ಕಾಲಿಟ್ಟು ನಾಟಿ ಮಾಡುವ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಮೇಲಿಂದ ಕಂಡದ್ದನ್ನು ಚಿತ್ರ ಹೇಳುತ್ತದೆ. ಅಲ್ಲಿ ಮೊದಲು ಏನಿತ್ತೆಂದು ನೀವೇ ಹೇಳಬೇಕು.