ಅಧಿಕೃತ ಚಿಲುಮೆ

ನಗರಸಭೆಯ ಪರಿಸರ ವಿಭಾಗದಲ್ಲಿ ಕಡತ ಪರಿಶೀಲಿಸುತ್ತಿದ್ದ ಆಕೆಯನ್ನು ಇಡೀ ಕಚೇರಿ ಕೊಕ್ಕೆ ಮೇಡಂ ಅನ್ನುತ್ತಿತ್ತು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಕಚೇರಿಯ ಗೋಡೆಗಳು ತೆಳು ಹಲಗೆಯವು, ಹಾಗಾಗಿ ಆಕೆಗೂ ಅದು ಗೊತ್ತಿತ್ತು. ಯಾವ ಕಾರ್ಖಾನೆಯ ಅರ್ಜಿ ಬಂದರೂ ಒಂದಲ್ಲ ಒಂದು ಕೊಕ್ಕೆ ಹಾಕದೆ ಆಕೆ ಮುಂದಕ್ಕೆ ಬಿಟ್ಟವಳಲ್ಲ. ಹೊಗೆ ಕೊಳವೆ ಗಿಡ್ಡವಾಯಿತು, ಲಾರಿ ತಿರುಗಲು ಜಾಗವಿಲ್ಲ, ಕೊಳಚೆ ಎಲ್ಲಿಗೆ ಹೋಗುತ್ತದೆಂದು ಬರೆದಿಲ್ಲ. ಬೈದುಕೊಳ್ಳುತ್ತಲೇ ಜನ ಅದನ್ನೆಲ್ಲ ಸರಿಮಾಡಿ ತರುತ್ತಿದ್ದರು. ಈ ಅಡ್ಡಹೆಸರಿನ ಬಗ್ಗೆ ಆಕೆಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಊರಂಚಿನ ಬಡಾವಣೆಯ ಪಕ್ಕದ ಖಾಲಿ ಜಾಗದಲ್ಲಿ ಬ್ಯಾಟರಿ ಕಾರ್ಖಾನೆ ಕಟ್ಟುತ್ತೇವೆಂದು ಒಂದು ಕಂಪನಿ ಅರ್ಜಿ ಹಾಕಿದಾಗ ಅದೂ ಆಕೆಯ ಮೇಜಿಗೇ ಬಂತು. ಬಡಾವಣೆಯವರು ಗಾಬರಿಯಾದರು. ಸೀಸ, ಆಮ್ಲ, ಹೊಗೆ, ಯಾರಿಗೆ ಬೇಕು? ಅವರ ಮುಂದಾಳು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಆ ಖಾಲಿ ಜಾಗದ ನಡುವೆ ಜೊಂಡು ಬೆಳೆದ ಒಂದು ಕೊಳವಿತ್ತು. ಮೇಷ್ಟ್ರು ದಿನವೂ ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದುಕೊಂಡು ಹೋಗಿ ಅಲ್ಲಿಗೆ ಬರುವ ಹಕ್ಕಿಗಳ ಚಿತ್ರ ಬರೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಅದೇ ಮನೆ, ಅದೇ ಸಂಸಾರ. ಆ ಚಿತ್ರಗಳನ್ನೆಲ್ಲ ಹೊತ್ತು ತಂದು ಆಕೆಯ ಮೇಜಿನ ಮೇಲೆ ಹರಡಿದರು.

"ನೋಡಿ ಮೇಡಂ, ಬಾತು, ಕೊಕ್ಕರೆ, ನೀರುಕೋಳಿ. ಇದು ನಿಮ್ಮ ನಿಯಮದ ಪ್ರಕಾರ ನೈಸರ್ಗಿಕ ಜಲಮೂಲ ಹೌದೋ ಅಲ್ವೋ?"

ನೈಸರ್ಗಿಕ ಜಲಮೂಲದ ಪಕ್ಕ ಸೀಸ, ಆಮ್ಲ ಬಳಸುವ ಕಾರ್ಖಾನೆ ಕೂಡದೆಂದು ನಿಯಮವಿತ್ತು. ಕಂಪನಿಯ ಸಲಹೆಗಾರ ಮಾತ್ರ, ಅದು ಕೊಳವೂ ಅಲ್ಲ ಗಿಳವೂ ಅಲ್ಲ, ಎಲ್ಲಿಂದಲೋ ಸೋರಿದ ನೀರು ನಿಂತ ಗುಂಡಿ ಅಂತ ವಾದಿಸಿದ. ಯಾವಾಗಲೂ ಇಸ್ತ್ರಿ ಮುರಿಯದ ಅಂಗಿ ಹಾಕಿಕೊಳ್ಳುತ್ತಿದ್ದ, ತುಂಬ ವಿನಯದ ಮನುಷ್ಯ.

ಆಕೆ ಹೋಗಿ ನೋಡಿದಳು. ಜೊಂಡು ಸರಿಸಿ, ಬೊಗಸೆಯಲ್ಲಿ ನೀರೆತ್ತಿ ಮೂಗಿನ ಹತ್ತಿರ ಹಿಡಿದಳು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ನಲ್ಲಿಯಿಂದ ಬರುವ ವಾಸನೆ.

ಆಕೆ ತಾಯಿಯ ಜೊತೆ ಮಹಡಿಯ ಮೇಲಿದ್ದಳು. ಕೆಳಗಿನ ಮನೆಯಲ್ಲಿ ತಮ್ಮನ ಸಂಸಾರ. ತಮ್ಮ ಅದೇ ನಗರಸಭೆಯ ನೀರು ಸರಬರಾಜು ವಿಭಾಗದಲ್ಲಿ ಎಂಜಿನಿಯರು. ಆ ಭಾನುವಾರ ಅವನು ಊಟಕ್ಕೆ ಮೇಲೆ ಬಂದಾಗ ಆಕೆ ಸುತ್ತುಬಳಸದೆ ಕೇಳಿದಳು.

"ಆ ಕೊಳದ ನೀರು ನಿಮ್ದೇ ಅಲ್ವೇನೋ?"

ತಮ್ಮ ತುತ್ತು ನುಂಗಿದ. "ಯಾವ ಕೊಳ?"

"ನಾಟಕ ಬೇಡ. ಮೂಸಿ ನೋಡಿ ಬಂದಿದ್ದೀನಿ. ನಲ್ಲಿ ನೀರು."

ಅವನು ಒಂದು ಸಲ ತಾಯಿಯ ಮುಖ ನೋಡಿದ, ಆಮೇಲೆ ತಟ್ಟೆ ನೋಡಿದ. "ದೊಡ್ಡ ಪೈಪು ಅದರ ಕೆಳಗೇ ಹೋಗುತ್ತೆ ಅಕ್ಕ. ಜಾಯಿಂಟು ಬಿಟ್ಟು ವರ್ಷಗಳೇ ಆದ್ವು. ಸರಿ ಮಾಡ್ಬೇಕಂದ್ರೆ ಅರ್ಧ ಊರಿಗೆ ದಿನಗಟ್ಲೆ ನೀರು ನಿಲ್ಲಿಸ್ಬೇಕು. ಅಧ್ಯಕ್ಷರು ಒಪ್ತಾರಾ? ಚುನಾವಣೆ ಮುಗೀಲಿ ಅಂತಾರೆ. ಮುಗಿದ್ಮೇಲೆ, ಈಗಷ್ಟೇ ಗೆದ್ದಿದ್ದೀವಿ, ಈಗ್ಲೇ ಬೈಸ್ಕೊಳ್ಳೋದು ಬೇಡ ಅಂತಾರೆ."

"ಸರಿ, ಹಾಗೇ ಬರೀತೀನಿ."

"ಬರೆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ನಮ್ಮ ದೊಡ್ಡ ಸಾಹೇಬ್ರು ಪ್ರತಿ ವರ್ಷ 'ಸೋರಿಕೆರಹಿತ ನಗರ' ಅಂತ ಪ್ರಶಸ್ತಿ ತಗೋತಾ ಇದ್ದಾರೆ."

"ಮೊದ್ಲು ಊಟ ಮಾಡಿ," ಅಂದರು ತಾಯಿ. "ಇಬ್ರೂ ಒಂದೇ ಕಡೆ ಸಂಬಳ ತಗೊಂಡು ನನ್ನ ಅಡುಗೆಮನೇಲಿ ಜಗಳ ಆಡ್ತೀರಲ್ಲ."

ಸೋಮವಾರ ಆಕೆ ನೀರು ವಿಭಾಗಕ್ಕೆ ಲಿಖಿತವಾಗಿ ಪ್ರಶ್ನೆ ಹಾಕಿದಳು: ಸದರಿ ಜಾಗದಲ್ಲಿ ತಮ್ಮ ಪೈಪು ಸೋರುತ್ತಿದೆಯೇ? ಉತ್ತರ ಆಶ್ಚರ್ಯವಾಗುವಷ್ಟು ಬೇಗ ಬಂತು. ಸೋರಿಕೆ ಇಲ್ಲ. ಕೆಳಗೆ ತಮ್ಮನ ಸಹಿ.

ಸಣ್ಣವನಿದ್ದಾಗ ಕೈಹಿಡಿದು ಅಕ್ಷರ ತಿದ್ದಿಸಿದವಳು ಆಕೆಯೇ. ಆ ಸಹಿಯ ದುಂಡು ದುಂಡು ಅಕ್ಷರ ನೋಡುತ್ತ ಬಹಳ ಹೊತ್ತು ಕೂತಳು. ಲಿಖಿತ ಉತ್ತರ ಇದ್ದಮೇಲೆ ಮೂಗಿನ ಸಾಕ್ಷಿ ನಡೆಯುವುದಿಲ್ಲ. 'ನೀರು ವಿಭಾಗದ ಉತ್ತರದ ಮೇರೆಗೆ ಸದರಿ ನೀರು ನೈಸರ್ಗಿಕ ಚಿಲುಮೆಯದೆಂದು ಭಾವಿಸಲಾಗಿದೆ' ಎಂದು ಬರೆದಳು. ಬ್ಯಾಟರಿ ಕಾರ್ಖಾನೆಯ ಅರ್ಜಿ ತಿರಸ್ಕೃತವಾಯಿತು. ಬಡಾವಣೆಯವರು ಬಂದು ಕೈಮುಗಿದರು. ಮೇಷ್ಟ್ರು ಚೌಕಟ್ಟು ಹಾಕಿಸಿದ ಕೊಕ್ಕರೆಯ ಚಿತ್ರ ತಂದುಕೊಟ್ಟರು. ಅದನ್ನು ಗೋಡೆಗೆ ಹಾಕಲು ಆಕೆಗೆ ಕೈ ಬರಲಿಲ್ಲ, ಬೇಡ ಅನ್ನಲು ಬಾಯಿಯೂ ಬರಲಿಲ್ಲ. ಕಪಾಟಿನ ಹಿಂದೆ ಇಟ್ಟಳು. ತಮ್ಮನ ಜೊತೆ ಮಾತು ಬಿಟ್ಟಳು. ಸುಳ್ಳಿನಿಂದ ಒಳ್ಳೆಯದೇ ಆಯಿತಲ್ಲ ಎಂಬ ಸಮಾಧಾನ ಬಂದಾಗಲೆಲ್ಲ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕಂಪನಿ ಊರು ಬಿಟ್ಟು ಹೋಗಲಿಲ್ಲ. ಕೆಲವು ತಿಂಗಳಲ್ಲಿ ಅದೇ ಜಾಗಕ್ಕೆ ಹೊಸ ಅರ್ಜಿ ಬಂತು: ನೈಸರ್ಗಿಕ ಚಿಲುಮೆಯ ನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆ. ಹೊಗೆಯಿಲ್ಲ, ವಾಸನೆಯಿಲ್ಲ, ಕೊಳ ಹಾಗೇ ಉಳಿಯುತ್ತದೆ, ಸುತ್ತ ಬೇಲಿ, ಹಕ್ಕಿ ನೋಡುವವರಿಗೆ ಬೆಂಚು. ಬಂದವನು ಅದೇ ಸಲಹೆಗಾರ.

"ಹೋದ ಸಲ ಇದೇ ಬಾಯಲ್ಲಿ ಗುಂಡಿ ಅಂದಿದ್ರಿ," ಅಂದಳು.

"ಹೋದ ಸಲ ನಮಗೆ ಪ್ರಕೃತಿಯ ಬೆಲೆ ಗೊತ್ತಿರಲಿಲ್ಲ ಮೇಡಂ," ಅಂದ ಆತ ವಿನಯವಾಗಿ. "ನಿಮ್ಮ ವರದಿ ಓದಿ ಕಣ್ಣು ತೆರೀತು."

ಆಕೆಗೆ ಆಗ ಹೊಳೆಯಿತು. ಊರಿನ ನಲ್ಲಿ ನೀರನ್ನು ಪುಕ್ಕಟೆಯಾಗಿ ತೆಗೆದು ಊರಿಗೇ ಮಾರಲು ದಾರಿ ಮಾಡಿಕೊಟ್ಟದ್ದು ತನ್ನದೇ ಬರಹ. ಕೊಳದ ನೀರನ್ನು ಪರೀಕ್ಷೆಗೆ ಕಳಿಸಿದಳು. ಕ್ಲೋರಿನ್ ಇದೆ ಎಂದು ವರದಿ ಬಂತು. ಅದನ್ನು ಹಿಡಿದುಕೊಂಡು, ಅರ್ಜಿ ತೀರ್ಮಾನವಾಗುವ ನಗರಸಭೆಯ ಸಭೆಗೆ ಹೋದಳು.

ಸಭಾಂಗಣ ತುಂಬಿತ್ತು. ಈ ಸಲ ಬಡಾವಣೆಯವರೂ ಕಂಪನಿಯವರೂ ಒಂದೇ ಸಾಲಿನಲ್ಲಿ ಕೂತಿದ್ದರು. ಆಕೆ ವರದಿ ಓದಿದಳು. ಅಧ್ಯಕ್ಷರು ಕನ್ನಡಕ ಮೇಲೇರಿಸಿದರು.

"ಕ್ಲೋರಿನ್ ಅಂದ್ರೆ ನೀರು ಶುದ್ಧ ಮಾಡೋಕೆ ಹಾಕ್ತೀವಲ್ಲ, ಅದೇ ತಾನೇ?"

"ಅದೇ ಸಾರ್."

"ಹಾಗಿದ್ರೆ ಒಳ್ಳೇದೇ ಆಯ್ತಲ್ಲ. ಚಿಲುಮೆ ತಾನೇ ಶುದ್ಧ ಮಾಡ್ಕೊಂಡು ಬರ್ತಾ ಇದೆ."

"ಸಾರ್, ಅದು ಚಿಲುಮೆ ಅಲ್ಲ. ನಮ್ಮ ಪೈಪಿನ ನೀರು."

ಅಧ್ಯಕ್ಷರು ನೀರು ವಿಭಾಗದ ಕಡೆ ತಿರುಗಿದರು. ದೊಡ್ಡ ಸಾಹೇಬರು ಅಲುಗಾಡಲಿಲ್ಲ, ಪಕ್ಕದಲ್ಲಿದ್ದ ತಮ್ಮನನ್ನು ನೋಡಿದರು. ತಮ್ಮ ಎದ್ದು ನಿಂತ. ತನ್ನ ಬೂಟಿನ ಲೇಸಿಗೆ ಹೇಳುವವನ ಹಾಗೆ, "ನಮ್ಮ ದಾಖಲೆ ಪ್ರಕಾರ ಸೋರಿಕೆ ಇಲ್ಲ," ಅಂದ.

ಚಹಾಕ್ಕೆ ಬಿಟ್ಟಾಗ ಮೇಷ್ಟ್ರು ಆಕೆಯನ್ನು ಹೊರಗಿನ ಪಡಸಾಲೆಯ ಕಿಟಕಿ ಹತ್ತಿರ ನಿಲ್ಲಿಸಿಕೊಂಡರು.

"ಯಾಕಮ್ಮ ಹೀಗೆ ಮಾಡ್ತಿದ್ದೀರಿ? ಅದು ಚಿಲುಮೆ ಅಲ್ಲ ಅಂತ ಆದ್ರೆ ನಾಳೆ ಬ್ಯಾಟರಿಯವರು ಮತ್ತೆ ಬರ್ತಾರೆ. ಹಕ್ಕಿಗಳೂ ಹೋದ್ವು, ನಾವೂ ಹೋದ್ವಿ."

"ಸುಳ್ಳು ಬರೀಲಾ ಮೇಷ್ಟ್ರೇ?"

"ಬರೆದಾಗಿದೆಯಲ್ಲ. ಅದನ್ನ ಅಳಿಸ್ಬೇಡಿ ಅಂತ ಅಷ್ಟೇ ಕೇಳ್ತಿರೋದು."

ಅವರು ಕೈಮುಗಿದುಬಿಟ್ಟರು. ಬಣ್ಣ ಅಂಟಿದ ಉಗುರುಗಳ ಆ ವಯಸ್ಸಾದ ಕೈಗಳನ್ನು ಆಕೆ ಹಿಡಿದು ಕೆಳಗಿಳಿಸಿದಳು. ನಿಜ ಹೇಳಿದರೆ ಸೀಸದ ಹೊಗೆ, ಹೇಳದಿದ್ದರೆ ಊರಿನ ನೀರು ಬಾಟಲಿಗೆ. ಚಹಾ ತಣ್ಣಗಾಗುವವರೆಗೂ ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆದರೆ ಎರಡು ಷರತ್ತು ಸೇರಿಸಬೇಕು ಎಂದಳು. ಸಭೆಯಲ್ಲಿ ಸಣ್ಣ ನಗು ಎದ್ದಿತು. ಕೊಕ್ಕೆ ಇಲ್ಲದೆ ಬಿಡುತ್ತಾಳೆಯೇ?

ಒಂದು, ಆ ಜಾಗದಲ್ಲಿ ಮುಂದೆಂದೂ ಕುಡಿಯುವ ಪದಾರ್ಥದ್ದಲ್ಲದೆ ಬೇರೆ ಕಾರ್ಖಾನೆ ಕೂಡದು. ಅದನ್ನು ಕೇಳಿ ಮೇಷ್ಟ್ರು ತಲೆದೂಗಿದರು. ಎರಡನೆಯದನ್ನು ಆಕೆ ನಿಧಾನವಾಗಿ ಓದಿದಳು.

"ಚಿಲುಮೆ ನೈಸರ್ಗಿಕವಾದ್ದರಿಂದ ಅದರ ಹರಿವಿಗೆ ನಗರಸಭೆ ಹೊಣೆಯಲ್ಲ. ಚಿಲುಮೆಗೂ ಅದರ ಕೆಳಗೆ ಹಾದುಹೋಗುವ ಪೈಪಿಗೂ ಸಂಬಂಧವಿಲ್ಲವಾದ್ದರಿಂದ ನೀರು ವಿಭಾಗ ಆ ಪೈಪಿನ ಕೆಲಸವನ್ನು ಯಾವಾಗ ಬೇಕಾದರೂ ಮಾಡಬಹುದು. ಕಂಪನಿ ತಕರಾರು ತೆಗೆಯುವಂತಿಲ್ಲ."

ಸಲಹೆಗಾರನ ಪೆನ್ನು ನಿಂತಿತು. ತಕರಾರು ಮಾಡಿದರೆ ಸಂಬಂಧ ಇದೆಯೆಂದು ಒಪ್ಪಿದ ಹಾಗೆ. ದೊಡ್ಡ ಸಾಹೇಬರ ಪಾಡೂ ಅದೇ.

"ಯಾರಿಗೂ ಆಕ್ಷೇಪ ಇಲ್ಲ ತಾನೇ?" ಅಂದರು ಅಧ್ಯಕ್ಷರು. ಯಾರಿಗೂ ಇರಲಿಲ್ಲ. ಎಲ್ಲರೂ ಮೇಜು ತಟ್ಟಿದರು.

ಕಾರ್ಖಾನೆ ಎದ್ದಿತು. ಬಾಟಲಿಯ ಮೇಲೆ ಮೇಷ್ಟ್ರು ಬರೆದ ಕೊಕ್ಕರೆಯ ಚಿತ್ರ ಬಂತು. ಅವರು ಬೆಂಚಿನ ಮೇಲೆ ಕೂತು ಚಿತ್ರ ಬರೆಯುತ್ತಿದ್ದರೆ ಹಿಂದೆ ಯಂತ್ರ ಸದ್ದಿಲ್ಲದೆ ನೀರು ಹೀರುತ್ತಿತ್ತು. ಹೀರಿದಷ್ಟೂ ಚಿಲುಮೆ ಉಕ್ಕುತ್ತಿತ್ತು, ಬಡಾವಣೆಯ ನಲ್ಲಿಗಳು ಮಾತ್ರ ಸೊರಗುತ್ತ ಬಂದವು. ಮಹಡಿ ಮನೆಗಳಿಗೆ ನೀರು ಹತ್ತುವುದು ನಿಂತಿತು. ಜನ ಬೈದುಕೊಂಡು ಚಿಲುಮೆ ನೀರಿನ ಬಾಟಲಿ ಕೊಂಡರು, ಎಷ್ಟು ರುಚಿ ನೋಡಿ ಅಂತ ನೆಂಟರಿಗೂ ಕೊಟ್ಟರು.

ಆ ಬೇಸಿಗೆಯಲ್ಲಿ ಪಂಪುಮನೆಯ ದೊಡ್ಡ ಮೋಟರು ಸುಟ್ಟುಹೋಯಿತು. ಹೊಸದು ಬರುವವರೆಗೆ ಇಡೀ ಊರಿಗೆ ನೀರು ಬಂದ್. ಅಂದು ಸಂಜೆ ತಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತ. ಸಭೆಯ ದಿನದಿಂದ ಅವನು ಮೇಲೆ ಬಂದಿರಲಿಲ್ಲ.

"ಅಕ್ಕ, ನಿನ್ನ ಆ ಎರಡನೇ ಷರತ್ತು ಇನ್ನೂ ಇದೆಯಾ?"

ಆಕೆ ಅವನ ಮುಖ ನೋಡಿದಳು. "ಇದೆ."

"ಹೇಗೂ ಊರಿಗೆಲ್ಲ ನೀರು ನಿಂತಿದೆ. ಈಗ ಮಾಡಿದ್ರೆ ಯಾರೂ ನಮ್ಮನ್ನ ಬಯ್ಯಲ್ಲ. ಆದ್ರೆ ದೊಡ್ಡ ಸಾಹೇಬ್ರಿಗೆ ಏನಂತ ಹೇಳ್ಲಿ? ಇಲ್ಲದ ಸೋರಿಕೆ ಸರಿಮಾಡ್ತೀನಿ ಅನ್ನಕ್ಕಾಗುತ್ತಾ?"

"ಸೋರಿಕೆ ಇಲ್ಲ ಅನ್ನೋದನ್ನ ಇನ್ನೊಂದ್ಸಲ ಖಚಿತ ಮಾಡ್ಕೊಂಡು ಬರ್ತೀವಿ ಅಂತ ಹೇಳು."

ತಮ್ಮ ಮೆಲ್ಲಗೆ ನಕ್ಕ. "ಒಳಗೆ ಬಾರೋ, ಬಾಗಿಲಲ್ಲಿ ಏನು ಮಾತು," ಅಂದರು ತಾಯಿ.

ಅವನ ತಂಡ ಬೇಲಿಯಾಚೆ ಅಗೆದು, ಕೆಸರಿನಲ್ಲಿ ಸೊಂಟದವರೆಗೆ ಇಳಿದು ಜಾಯಿಂಟು ಬದಲಿಸಿತು. ಕಂಪನಿಯವರು ಬೇಲಿ ಹಿಡಿದು ನೋಡುತ್ತಿದ್ದರು. ತಕರಾರು ತೆಗೆಯುವಂತಿರಲಿಲ್ಲ. ಹೊಸ ಮೋಟರು ಬಂತು, ಊರಿಗೆ ನೀರು ಬಂತು, ಚಿಲುಮೆ ಮಾತ್ರ ಬರಲಿಲ್ಲ. ಕಂಪನಿ ದೂರು ಕೊಟ್ಟಿತು. ಪ್ರಕೃತಿಯ ಮೇಲೆ ನಗರಸಭೆಗೆ ಅಧಿಕಾರವಿಲ್ಲವೆಂದು ಅಧ್ಯಕ್ಷರು ವಿಷಾದದಿಂದ ತಿಳಿಸಿದರು. ಕೊನೆಗೆ ಕಂಪನಿ ಎಲ್ಲರ ಹಾಗೆ ನಲ್ಲಿ ಸಂಪರ್ಕಕ್ಕೆ ಅರ್ಜಿ ಹಾಕಿ, ಮೀಟರು ಹಾಕಿಸಿಕೊಂಡು ಬಾಟಲಿ ತುಂಬತೊಡಗಿತು. ಬಾಟಲಿಯ ಚೀಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ರುಚಿಯೂ ಬದಲಾಗಲಿಲ್ಲವೆಂದು ಜನ ಮೆಚ್ಚಿಕೊಂಡರು. ದೊಡ್ಡ ಸಾಹೇಬರಿಗೆ ಆ ವರ್ಷವೂ ಪ್ರಶಸ್ತಿ ಬಂತು. ಈ ಸಲ ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಜೊಂಡು ಒಣಗಿತು. ಬಾತುಗಳು ಮೊದಲು ಹೋದವು, ಕೊಕ್ಕರೆಗಳು ಸ್ವಲ್ಪ ದಿನ ಬಿರುಕು ಬಿಟ್ಟ ಕೆಸರಿನಲ್ಲಿ ಓಡಾಡಿ ಅವೂ ಹೋದವು. ಬೆಂಚಿನ ಮೇಲೆ ಮೇಷ್ಟ್ರು ಕಾಣಲಿಲ್ಲ. ಒಂದು ಭಾನುವಾರ ಆಕೆ ಮನಸ್ಸು ಗಟ್ಟಿಮಾಡಿಕೊಂಡು ಅವರ ಮನೆಗೆ ಹೋದಳು. ಅವರು ಬಾಗಿಲು ತೆಗೆದು ಕುರ್ಚಿ ತೋರಿಸಿದರು. ಕೋಣೆಯ ತುಂಬ ಹಕ್ಕಿಗಳು ಗೋಡೆಗೊರಗಿದ್ದವು.

"ಕೆಲಸ ಮಾಡಿದ್ದು ನನ್ನ ತಮ್ಮ. ದಾರಿ ಮಾಡಿಕೊಟ್ಟವಳು ನಾನು," ಅಂದಳು. "ನಿಮಗೆ ಗೊತ್ತಿರ್ಲಿ ಅಂತ ಬಂದೆ."

"ಗೊತ್ತು. ಸಭೆಯಲ್ಲೇ ಅರ್ಥ ಆಗಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಪೈಪಿನ ನೀರು ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತಮ್ಮ. ನನಗೂ ಮೂಗಿದೆ. ಆ ನೀರಲ್ಲೇ ಕುಂಚ ಅದ್ದಿ ಬಣ್ಣ ಕಲಸ್ತಿದ್ದೆ." ಅವರು ಒಂದು ಚಿತ್ರವನ್ನು ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟರು. "ಹಕ್ಕಿಗಳು ನೀರು ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ. ನಾನೂ ಕೇಳೋದು ಬೇಡ ಅಂದ್ಕೊಂಡೆ."

ಆಕೆ ಏಳಲು ಹೋಗಿ ಮತ್ತೆ ಕೂತಳು.

"ಸಿಟ್ಟಿದೆಯಾ ನನ್ನ ಮೇಲೆ?" ಅಂದಳು ಕೊನೆಗೆ.

ಮೇಷ್ಟ್ರು ಬಚ್ಚಲಿನ ಕಡೆ ಕೈ ತೋರಿಸಿದರು.

"ಈಗ ನಮ್ಮ ಬಚ್ಚಲಿಗೆ ನೀರು ಧೋ ಅಂತ ಬರುತ್ತೆ. ಇಷ್ಟು ವರ್ಷದಲ್ಲಿ ಹೀಗೆ ಬಂದಿದ್ದೇ ಇಲ್ಲ," ಅಂದರು. "ದಿನಾ ಸ್ನಾನಕ್ಕೆ ನಿಂತಾಗ ನಿಮ್ಮ ಮೇಲೆ ಸಿಟ್ಟು ಬರುತ್ತೆ. ಮೈ ಒರೆಸ್ಕೊಳ್ಳೋ ಹೊತ್ತಿಗೆ ಹೋಗಿರುತ್ತೆ."