ಮೂರನೆಯ ಪೆಟ್ಟಿಗೆ

ಪರದೆಯ ಆಚೆಗೆ ಶಫಿ ಸಾಹೇಬರ ಕೊನೆಯ ಸ್ನಾನ ನಡೆದಿತ್ತು. ಈಚೆಗೆ ನಿಂತು ಕಾವೇರಿ ಬಿಸಿನೀರಿನ ಕೊಡ ಎತ್ತಿಕೊಡುತ್ತಿದ್ದಳು. ಒಳಗಿನಿಂದ ಗಂಡಸರ ಕೈಯೊಂದು ಚಾಚುತ್ತಿತ್ತು, ಕೊಡ ಒಳಗೆ ಹೋಗಿ ಬರಿದಾಗಿ ಹೊರಗೆ ಬರುತ್ತಿತ್ತು. ಮೋಮಿನಪುರದ ಆ ಅಂಗಳದಲ್ಲಿ ಒಂದು ಸ್ಕೂಟರು ನಿಂತರೆ ಇನ್ನೊಂದು ಬೀದಿಯಲ್ಲೇ ನಿಲ್ಲಬೇಕು. ಅಷ್ಟು ಜಾಗದಲ್ಲೇ ಮೂವತ್ತು ಜನ ಸೇರಿದ್ದರು. ನೀನ್ಯಾರು ಎಂದು ಅವಳನ್ನು ಯಾರೂ ಕೇಳಲಿಲ್ಲ. ಹತ್ತು ವರ್ಷದಿಂದ ಪ್ರತಿ ಈದಿಗೂ ಆ ಮನೆಯ ಸುರಕುಂಬಾ ಪಾಯಸ ಉಂಡವಳು ಅವಳು.

ಕೊನೆಯ ಕೊಡ ಒಳಗೆ ಹೋದ ಮೇಲೆ ಸಾಹೇಬರ ಮಗಳು ಜೀನತ್ ಅವಳನ್ನು ನಡುಮನೆಗೆ ಕರೆದೊಯ್ದಳು. ಅಲ್ಲಿ ಸಾಹೇಬರ ಹೆಂಡತಿ ಜೈನಾಬಿ ಗೋಡೆಗೆ ಒರಗಿ ಕೂತಿದ್ದರು. ಅತ್ತೂ ಅತ್ತೂ ದನಿ ಒಡೆದಿತ್ತು, ಆದರೆ ಕಣ್ಣು ಒಂದೇ ವಿಷಯವನ್ನು ಹಿಡಿದು ನಿಂತಂತೆ ನೆಟ್ಟಗಿತ್ತು.

“ಅಕ್ಕಾ, ಗುರುಪ್ರಸಾದ ಸರ್ ಬರ್ತಾರೇನ್ರಿ?” ಎಂದಳು ಜೀನತ್.

ಗುರುಪ್ರಸಾದ ಎಂದರೆ ಕಾವೇರಿಯ ಕಚೇರಿಯ ನಿರ್ದೇಶಕರು. ತೊಗರಿಯ ರೋಗಗಳ ಬಗ್ಗೆ ಸಂಶೋಧನೆ ಮಾಡುವ ಆ ಸಂಸ್ಥೆಯ ಸ್ಟೋರ್ಸ್ ವಿಭಾಗದಲ್ಲಿಯೇ ಶಫಿ ಸಾಹೇಬರು ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದದ್ದು. ಜೀನತ್ ದನಿ ತಗ್ಗಿಸಿದಳು. ದವಾಖಾನೆಯಲ್ಲಿ ಅಬ್ಬಾ ಎರಡು ಸಲ ಅವರ ಹೆಸರು ತೆಗೆದರಂತೆ. ಅವರ ದಿಲ್ ನನ್ನ ಮೇಲೆ ಸಾಫ್ ಇಲ್ಲ ಎಂದರಂತೆ. ಹಿಂದೊಮ್ಮೆ ಕಾಗದದಲ್ಲಿ ಅಬ್ಬಾ ತಪ್ಪು ಮಾಡಿ ಆ ಸಾಹೇಬರ ಮಷೀನು ಹಾಳಾಗಿತ್ತಲ್ಲ, ಅದಕ್ಕೇ ಇರಬೇಕು ಎಂದಳು.

“ಸತ್ತವರ ಮ್ಯಾಲ ಸಿಟ್ಟು ಉಳೀಬಾರದವ್ವಾ,” ಎಂದರು ಜೈನಾಬಿ. “ಮಣ್ಣು ಕೊಡೋದರಾಗ ಆ ಮನಶ್ಯಾ ಒಂದು ಸಲ ಮಾಫ್ ಅಂದ್ರ ಸಾಕು. ನೀ ಕರಕೊಂಡ್ ಬಾ.”

ಸಾಹೇಬರು ಕಚೇರಿಯಲ್ಲಿ ಮುಚ್ಚಿಟ್ಟದ್ದು ಅವಳಿಗೆ ಗೊತ್ತಿತ್ತು. ಮನೆಯಲ್ಲೂ, ಹೆಂಡತಿಯ ಮುಂದೆಯೂ ಮುಚ್ಚಿಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಮಾಡದ ತಪ್ಪನ್ನು ಹೊತ್ತುಕೊಂಡು ಆ ಮನುಷ್ಯ ಹೆಂಡತಿ ಮಕ್ಕಳ ಕಣ್ಣಲ್ಲೂ ತಪ್ಪಿತಸ್ಥನಾಗಿಯೇ ಬದುಕಿ ಹೋಗಿದ್ದರು.

ಸಾಹೇಬರ ತಮ್ಮ ಚಾಂದಪಾಶಾ ಬಂದು ಹೊತ್ತಿನ ಲೆಕ್ಕ ಹೇಳಿದ. ಹನ್ನೊಂದಕ್ಕೆ ಗಾಡಿ ಹೊರಡುತ್ತದೆ, ಸ್ವಂತ ಊರು ಕಮಲಾಪುರದಲ್ಲಿ ತಾಯಿಯ ಪಕ್ಕದಲ್ಲಿ ಗೋರಿ ತೋಡಿಸಿದೆ, ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಶವದ ಮುಂದೆ ಮಾಡುವ ಜನಾಜಾ ನಮಾಜಿಗೆ ಮೊದಲು ತೀರಿಕೊಂಡವರ ಪರವಾಗಿ ಮನೆಯವರು ನೆರೆದವರನ್ನೆಲ್ಲ ಮಾಫಿ ಕೇಳುವ ರೂಢಿ ಇದೆ. ಆ ಹೊತ್ತಿಗೆ ಗುರುಪ್ರಸಾದರು ಅಲ್ಲಿದ್ದರೆ ಚೆನ್ನ ಎಂದ.

“ಕರಕೊಂಡು ಬರ್ತೀನ್ರಿ,” ಎಂದಳು ಕಾವೇರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದು ಆಟೋ ಹತ್ತಿದಳು. ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಆಟೋ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಇಳಿದು ನಡೆದರೆ ಬೇಗ ಹೋದೇನೇನೋ ಎಂದು ಅವಳು ಎರಡು ಸಲ ಯೋಚಿಸಿದಳು.

*

ಪರದೇಶದಿಂದ ಬರುವ ಸಂಶೋಧನಾ ಉಪಕರಣಕ್ಕೆ ಸರ್ಕಾರ ಆಮದು ಸುಂಕ ಬಿಡುತ್ತದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇದು ಸಂಶೋಧನೆಗೇ ಬೇಕು, ಮಾರಿಕೊಳ್ಳಲಿಕ್ಕಲ್ಲ ಎಂದು ಸಂಸ್ಥೆಯ ಮುಖ್ಯಸ್ಥರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಬಂದ ಪೆಟ್ಟಿಗೆಗಳಲ್ಲಿ ಏನೇನಿದೆಯೋ ಅದೆಲ್ಲ ಆ ಪತ್ರದಲ್ಲಿರಬೇಕು. ಕಂಪನಿಯ ಬಿಲ್ಲಿನಲ್ಲಿದ್ದು ಪತ್ರದಲ್ಲಿ ಇಲ್ಲದ್ದು ಹೈದರಾಬಾದಿನ ಸುಂಕದ ಗೋದಾಮಿನಲ್ಲೇ ಕೂರುತ್ತದೆ.

ಆ ಪತ್ರ ಬರೆಯುವುದೇ ಶಫಿ ಸಾಹೇಬರ ಬದುಕು. ವಿಮಾನ ಹತ್ತಿದವರಲ್ಲ, ಹೈದರಾಬಾದ್ ದಾಟಿದವರಲ್ಲ. ಆದರೆ ಯಾವ ದೇಶದ ಕಂಪನಿ ಯಾವ ಸಾಮಾನನ್ನು ಯಾವ ಪೆಟ್ಟಿಗೆಯಲ್ಲಿ ಬಚ್ಚಿಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರದೊಂದು ಪದ್ಧತಿಯಿತ್ತು. ಪತ್ರ ಸಿದ್ಧವಾದ ಮೇಲೆ ಒಬ್ಬರು ಬಿಲ್ಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪತ್ರದ ಮೇಲೆ ಬೆರಳಿಟ್ಟು ಒಂದೊಂದಕ್ಕೂ ‘ಹೂಂ’ ಅನ್ನಬೇಕು. ಆಮೇಲೆ ‘ಓದಿ ತಾಳೆ ನೋಡಲಾಗಿದೆ’ ಎಂದು ಬರೆಯಬೇಕು. ವಿಜ್ಞಾನಿಗಳು ಇದನ್ನು ಸ್ಟೋರ್ಸಿನ ಪುರಾಣ ಎಂದು ನಗುತ್ತಿದ್ದರು. ಸಾಹೇಬರೂ ನಗುತ್ತಿದ್ದರು, ನಕ್ಕು ಮತ್ತೆ ಓದಿಸುತ್ತಿದ್ದರು.

ಕಾವೇರಿಯ ಗಂಡ ಸೂರ್ಯಕಾಂತ ಅದೇ ಸಂಸ್ಥೆಯ ಜೀಪಿನ ಡ್ರೈವರ್. ಅವನು ತೀರಿಹೋದಾಗ ಅನುಕಂಪದ ಮೇಲೆ ಅವಳಿಗೆ ಸ್ಟೋರ್ಸಿನಲ್ಲಿ ಕೆಲಸ ಕೊಟ್ಟರು. ಮೊದಲ ವರ್ಷದ ಒಂದು ದಿನ, ತಾಯಿಗೆ ಜಡ್ಡೆಂದು ಸಾಹೇಬರು ಕಮಲಾಪುರಕ್ಕೆ ಹೋಗಿದ್ದರು. ಗುರುಪ್ರಸಾದ ಆಗಿನ್ನೂ ವಿಜ್ಞಾನಿ. ತೊಗರಿ ಗಿಡವನ್ನು ಒಣಗಿಸುವ ನೆಟೆರೋಗವನ್ನು ಪರೀಕ್ಷಿಸಲು ಅವರು ತರಿಸಿದ್ದ ಸಸಿ ಬೆಳೆಸುವ ಯಂತ್ರ ಮೂರು ಪೆಟ್ಟಿಗೆಗಳಲ್ಲಿ ಹೈದರಾಬಾದಿಗೆ ಬಂದಿತ್ತು. ಆಗಿನ ನಿರ್ದೇಶಕರು ಸಂಜೆಯ ರೈಲಿಗೆ ದೆಹಲಿಗೆ ಹೊರಟಿದ್ದರು. ಅಷ್ಟರೊಳಗೆ ಸಹಿ ಆಗಬೇಕು. ಕಾವೇರಿ ಪತ್ರ ಬರೆದಳು. ಓದಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಬಿಲ್ಲಿನ ಕೊನೆಯ ಹಾಳೆಯನ್ನು ಅವಳು ತಿರುವಲೇ ಇಲ್ಲ. ಆದರೂ ಫೈಲಿನ ಟಿಪ್ಪಣಿಯಲ್ಲಿ ‘ಓದಿ ತಾಳೆ ನೋಡಲಾಗಿದೆ’ ಎಂದು ಬರೆದಳು. ಪತ್ರ ಅಂದೇ ಹೋಯಿತು. ಮರುದಿನ ಬಂದ ಸಾಹೇಬರು, ತಾಳೆ ನೋಡಿದಿಯೇನವ್ವಾ ಎಂದು ಕೇಳಿದರು. ನೋಡೀನ್ರಿ ಎಂದಳು. ಅವಳ ಮಾತಿನ ಮೇಲೆ ಅವರು ಟಿಪ್ಪಣಿಯ ಕೆಳಗೆ ಸಹಿ ಹಾಕಿದರು.

ಆ ಕೊನೆಯ ಹಾಳೆಯಲ್ಲಿ ಮೂರನೆಯ ಪೆಟ್ಟಿಗೆಯಿತ್ತು. ಯಂತ್ರದ ಶಾಖ ಹತೋಟಿಯಲ್ಲಿಡುವ ಭಾಗವೆಲ್ಲ ಅದರಲ್ಲೇ. ಎರಡು ಪೆಟ್ಟಿಗೆ ಬಂದವು, ಅದು ಗೋದಾಮಿನಲ್ಲಿ ಕೂತಿತು. ಸುಂಕ ಕಟ್ಟಿ ಬಿಡಿಸಲು ಯೋಜನೆಯಲ್ಲಿ ಅವಕಾಶವಿರಲಿಲ್ಲ. ಹೊಸ ಪತ್ರಕ್ಕೆ ವಿವರಣೆ, ವಿವರಣೆಗೆ ಮರುವಿವರಣೆ ಎಂದು ನಾಲ್ಕು ತಿಂಗಳು ಹೋದವು. ನಡುವೆ ಮಳೆಗಾಲ. ಪೆಟ್ಟಿಗೆ ಕೊನೆಗೆ ಬಂದಾಗ ಒಳಗೆ ನೀರು ಇಳಿದು ಎಲ್ಲ ತುಕ್ಕು ಹಿಡಿದಿತ್ತು. ಗುರುಪ್ರಸಾದರ ಯೋಜನೆ ನಿಂತುಹೋಯಿತು. ವರಾಂಡದಲ್ಲಿ ಎಲ್ಲರೆದುರಿಗೆ ಅವರು ಸಾಹೇಬರಿಗೆ, ನಿಮ್ಮದೊಂದು ಕಾಗದ ನನ್ನ ಐದು ವರ್ಷ ತಿಂದುಬಿಡ್ತು ಎಂದರು. ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

ಯಾರು ತಾಳೆ ನೋಡಿದ್ದು ಎಂದು ಮೆಮೋ ಬಂತು. ನಾನೇ ಎಂದು ಸಾಹೇಬರು ಬರೆದುಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ವಾಗ್ದಂಡನೆ ಅವರ ಸೇವಾ ಪುಸ್ತಕಕ್ಕೆ ಹತ್ತಿತು, ಆ ವರ್ಷ ಬರಬೇಕಿದ್ದ ಬಡ್ತಿ ಹೋಯಿತು. ಕಾವೇರಿ ಅಳುತ್ತ, ಹೋಗಿ ನಿಜ ಹೇಳ್ತೀನಿ ಎಂದು ಎದ್ದಳು.

“ಕೂಡ್ರು,” ಎಂದಿದ್ದರು ಸಾಹೇಬರು, ತಲೆ ಎತ್ತದೆ. “ನಿಂದು ಪ್ರೊಬೇಷನ್ ಅದ, ನಂದು ಪೆನ್ಶನ್ ಅದ. ಹೊಡೆತ ತಿನ್ನಾಕ ಯಾರಿಗೆ ತಾಕತ್ತದ ನೀನೇ ಹೇಳು. ನಾ ಇರೋತನಕ ಈ ಮಾತು ಎತ್ತಬ್ಯಾಡ.”

ಅವಳು ಕೂತಳು. ಪ್ರೊಬೇಷನ್ ಮುಗಿಯಿತು, ಸಾಹೇಬರು ನಿವೃತ್ತರಾದರು, ಅವಳು ಆಗಲೂ ಕೂತೇ ಇದ್ದಳು. ಕೊಟ್ಟ ಮಾತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ಮಾತಲ್ಲ, ಹೆದರಿಕೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಗುರುಪ್ರಸಾದರು ಕೆಟ್ಟ ಮನುಷ್ಯರಲ್ಲ. ಕಚೇರಿಯ ಪರವಾಗಿ ಹೂವಿನ ಚಾದರ ಕಳಿಸಿದ್ದರು, ಹೋಗಬೇಕೆಂದವರಿಗೆಲ್ಲ ರಜೆ ಕೊಟ್ಟಿದ್ದರು. ಕಾವೇರಿ ಅವರ ಕೋಣೆಗೆ ಹೋಗಿ ಕರೆದಾಗ ತಾವು ಮಾತ್ರ ಬರುವುದಿಲ್ಲ ಎಂದರು. ಸತ್ತವರ ಮೇಲೆ ತಮಗೆ ಸಿಟ್ಟಿಲ್ಲ, ಆದರೆ ಮನಸ್ಸಿನಲ್ಲಿ ಇಲ್ಲದ್ದನ್ನು ಮಣ್ಣಿನ ಮುಂದೆ ನಿಂತು ಹೇಳುವುದು ತಮ್ಮಿಂದಾಗದು ಎಂದು ಹೇಳಿ, ಮುಂದಿದ್ದ ಫೈಲು ಬಿಚ್ಚಿದರು.

ಕಾವೇರಿ ಬಾಗಿಲು ಮುಚ್ಚಿ ಬಂದು ಮೇಜಿನ ಮುಂದೆ ನಿಂತಳು.

“ಸರ್, ನಿಮ್ಮ ಮೂರನೇ ಪೆಟಗಿ ಬಿಟ್ಟಾಕಿ ನಾನು. ಬಿಲ್ಲಿನ ಕಡೀ ಹಾಳಿ ನಾ ತಿರವಲಿಲ್ಲ. ತಾಳೆ ನೋಡೀನಿ ಅಂತ ಸುಳ್ಳು ಬರದೆ, ಸಾಹೇಬ್ರು ಕೇಳಿದಾಗ ಅವರಿಗೂ ಸುಳ್ಳು ಹೇಳಿದೆ. ಅವತ್ತು ಅವರು ಊರಾಗೇ ಇದ್ದಿಲ್ಲ.”

ಗುರುಪ್ರಸಾದರು ಫೈಲು ಮುಚ್ಚಿ ಪಕ್ಕಕ್ಕಿಟ್ಟರು. ಒಂಬತ್ತು ವರ್ಷದ ಸಿಟ್ಟು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೊರಳಿತು. ಆಮೇಲೆ, ಇಷ್ಟು ವರ್ಷ ಬಾಯಿಗೆ ಏನಾಗಿತ್ತು ಎಂದು ಕೇಳಿದರು. ಹೆದರಿದ್ದೆ ಎಂದಳು.

ಅವರು ಒಂದು ಬಿಳಿ ಹಾಳೆಯನ್ನು ಅವಳ ಕಡೆ ತಳ್ಳಿದರು. “ಬರದು ಕೊಡು. ಬರೇ ಬಾಯಿ ಮಾತಿಗೆ ನಾ ಬರಂಗಿಲ್ಲ. ಇದು ಫೈಲಿಗೆ ಹೋಗ್ತದ, ನಿನಗ ತ್ರಾಸ ಆಗ್ತದ, ತಿಳಕೊಂಡು ಬರಿ.”

“ಹೋಗ್ಲಿ ಅಂತೇ ಬಂದೀನ್ರಿ. ಸಾಹೇಬ್ರ ಸೇವಾ ಪುಸ್ತಕದಾಗಿನ ಆ ಮಾತು ಅಳಿಸಬೇಕಂದ್ರ ಇದು ಫೈಲಿನಾಗೇ ಇರಬೇಕು.”

ನಿಂತುಕೊಂಡೇ ಬರೆದಳು. ಅರ್ಧ ಪುಟ. ಒಂದೂ ಅಕ್ಷರ ಹೊಡೆದುಹಾಕದೆ ಬರೆದು, ದಿನಾಂಕ ಹಾಕಿ, ಸಹಿ ಮಾಡಿದಳು. ಗುರುಪ್ರಸಾದರು ಎರಡು ಸಲ ಓದಿದರು. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕಾರಿನ ಕೀಲಿಗಾಗಿ ಮೇಜಿನ ಮೇಲೆ ತಡವರಿಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು.

ಕಾರು ಊರು ಬಿಟ್ಟು ಹುಮನಾಬಾದ್ ರಸ್ತೆಗೆ ಬಂತು. ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಅಲ್ಲಲ್ಲಿ ಒಂದೊಂದು ಗಿಡ ನಿಂತಲ್ಲೇ ಒಣಗಿತ್ತು, ನೆಟೆ ಹೊಕ್ಕದ್ದು. ಗುರುಪ್ರಸಾದರು ಅಂಥ ಗಿಡ ಕಂಡಾಗಲೆಲ್ಲ ಕಾರಿನ ವೇಗ ಇಳಿಸುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

“ರಿಟೈರ್ ಆದ ದಿನ ನನ್ನ ರೂಮಿಗೆ ಒಂದು ತಟ್ಟಿ ಮಿರ್ಚಿ ಭಜಿ ಕಳಿಸಿದ್ರು,” ಎಂದರು ಒಮ್ಮೆಲೇ. “ನಾ ಮುಟ್ಟದೇ ವಾಪಸ್ ಕಳಿಸಿದೆ.”

ಕಾವೇರಿಗೆ ಅದು ನೆನಪಿತ್ತು. ತಟ್ಟೆ ಹೋದ ಹಾಗೆಯೇ ಬಂದಾಗ ಸಾಹೇಬರು, ಅವರಿಗೆ ಖಾರ ಆಗೋದಿಲ್ಲ ಕಾಣ್ತದ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತಾವೇ ಒಂದು ಭಜಿ ಎತ್ತಿಕೊಂಡಿದ್ದರು.

*

ಕಮಲಾಪುರ ಮುಟ್ಟಿದಾಗ ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು, ಕೊಳ್ಳುವವರು ಕೊಳ್ಳುತ್ತಿದ್ದರು. ಮಸೀದಿಯ ಮುಂದಿನ ಬಯಲಿನಲ್ಲಿ ಜನ ಸಾಲುಗಟ್ಟುತ್ತಿದ್ದರು. ಕಾವೇರಿ ಗೇಟಿನ ಹೊರಗೆ ಬೇವಿನ ಕೆಳಗೆ ನಿಂತಳು; ಹೆಂಗಸರು ಅದರಾಚೆ ಹೋಗುವ ರೂಢಿಯಿಲ್ಲ. ಗುರುಪ್ರಸಾದರು ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ಒಳಗೆ ಹೋಗಿ ಸಾಲುಗಳ ಪಕ್ಕದಲ್ಲಿ ನಿಂತರು.

ಚಾಂದಪಾಶಾ ಅಣ್ಣನನ್ನು ಮಲಗಿಸಿದ್ದ ಡೋಲಿಯ ಬಳಿ ನಿಂತು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದ. ನಮ್ಮಣ್ಣನಿಂದ ಯಾರಿಗಾದರೂ ಮನಸ್ಸು ನೊಂದಿದ್ದರೆ ಇವತ್ತು ಮಾಫ್ ಮಾಡಿಬಿಡಿ ಎಂದ. ಮಾಫ್, ಮಾಫ್ ಎಂದು ಅಲ್ಲಲ್ಲಿ ದನಿ ಎದ್ದು ಅಡಗಿತು. ಅದೆಲ್ಲ ಮುಗಿದ ಮೇಲೆ ಗುರುಪ್ರಸಾದರು ಒಂದು ಹೆಜ್ಜೆ ಮುಂದೆ ಬಂದರು.

“ನಾ ಮಾಫ್ ಮಾಡಾಕ ಅವರ ತಪ್ಪೇ ಇದ್ದಿಲ್ಲರಿ,” ಎಂದರು. “ಒಂಬತ್ತು ವರ್ಷ ನಾನೇ ತಪ್ಪು ತಿಳಕೊಂಡಿದ್ದೆ. ಆ ಕಾಗದ ಬರದವರು ಬ್ಯಾರೆ ಅದಾರ.”

ಹೆಸರು ಹೇಳಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ನಡೆಯುತ್ತಿತ್ತು. ಸಂಸ್ಥೆಯಿಂದ ಬಂದಿದ್ದ ಎಂಟು ಹತ್ತು ಜನರೂ ಆ ಸಾಲುಗಳ ಪಕ್ಕದಲ್ಲೇ ಇದ್ದರು, ನಾಳೆಯಿಂದ ಅವರ ನಡುವೆಯೇ ಕೂತು ಅವಳು ಕೆಲಸ ಮಾಡಬೇಕಿತ್ತು. ಕಾವೇರಿ ಗೇಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು.

“ಬರದಾಕಿ ನಾನರೀ. ಕಾವೇರಿ. ಸಾಹೇಬ್ರು ನನ್ನ ಕೆಲಸ ಉಳಿಸಾಕ ತಮ್ಮ ಮ್ಯಾಲ ಹಾಕ್ಕೊಂಡ್ರು.”

ಸಾಲುಸಾಲು ತಲೆಗಳು ತಿರುಗಿದವು. ಚಾಂದಪಾಶಾ ಅವಳನ್ನು ನೋಡಿದ, ಬಿಳಿ ಬಟ್ಟೆ ಹೊದ್ದ ಅಣ್ಣನನ್ನು ನೋಡಿದ. ಸಾಲು ನೆಟ್ಟಗೆ ಮಾಡ್ರಿ ಎಂದಷ್ಟೇ ಹೇಳಿದ. ನಮಾಜು ಶುರುವಾಯಿತು. ಸಂಜೆ ಮೋಮಿನಪುರಕ್ಕೆ ಹೋಗಿ ಜೈನಾಬಿಯ ಎದುರು ಕೂತು ಇದನ್ನೇ ಹೇಳಬೇಕು, ಅದು ಇದಕ್ಕಿಂತ ಕಷ್ಟ ಎಂದು ಕಾವೇರಿಗೆ ಗೊತ್ತಿತ್ತು. ಹೇಳುತ್ತೇನೆ ಎಂದುಕೊಂಡಳು. ಎಷ್ಟೋ ವರ್ಷದ ಮೇಲೆ ಅವಳಿಗೆ ತನ್ನ ಮೇಲೆ ನಂಬಿಕೆ ಬಂದಿತ್ತು.

ಗೋರಿಸ್ತಾನದ ಮೋಟು ಗೋಡೆಯ ಈಚೆಗೆ ನಿಂತರೆ ಒಳಗಿನದು ಅಷ್ಟಿಷ್ಟು ಕಾಣುತ್ತಿತ್ತು. ಡೋಲಿ ಇಳಿಸಿ ಸಾಹೇಬರನ್ನು ಗೋರಿಯೊಳಗೆ ಮಲಗಿಸಿದರು, ಕಲ್ಲುಚಪ್ಪಡಿ ಮುಚ್ಚಿದರು. ಒಬ್ಬೊಬ್ಬರೂ ಬಗ್ಗಿ ಮೂರು ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಂಡು ಪಕ್ಕಕ್ಕೆ ಸರಿದರು. ಗುರುಪ್ರಸಾದರ ಸರದಿ ಬಂತು. ಒಂದು ಹಿಡಿ ಹಾಕಿದರು, ಎರಡು, ಮೂರು. ಹಿಂದಿನವರು ಮುಂದೆ ಬರಲು ಜಾಗ ಕಾಯುತ್ತಿದ್ದರು, ಅವರು ಸರಿಯಲಿಲ್ಲ. ಗೋರಿ ತೋಡಿದವನ ಕೈಯಿಂದ ಸಲಿಕೆ ಕೇಳಿ ಪಡೆದರು. ಸಾಕು ಬಿಡ್ರಿ ಸಾಹೇಬ್ರ ಎಂದು ಚಾಂದಪಾಶಾ ತೋಳು ಹಿಡಿದ. ಅವರು ಮೆಲ್ಲಗೆ ತೋಳು ಬಿಡಿಸಿಕೊಂಡರು.

ಜನ ಹಿಂದೆ ಸರಿದು ನಿಂತರು. ಬಿಸಿಲಿನಲ್ಲಿ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು, ತಲೆಗೆ ಕಟ್ಟಿದ ಕರವಸ್ತ್ರ ಜಾರಿ ಕೊರಳಿಗೆ ಬಿದ್ದಿತ್ತು. ಸಂಸ್ಥೆಯ ನಿರ್ದೇಶಕರು ಸಲಿಕೆಯಿಂದ ಮಣ್ಣು ಎತ್ತಿ ಎತ್ತಿ ಗುಮಾಸ್ತನ ಗೋರಿ ತುಂಬುತ್ತಿದ್ದರು.