ಒಡೆದಿಟ್ಟ ಪೊಟ್ಟಣಗಳು

ಹಬೆ, ಗಾಯ ಕಟ್ಟುವ ಸಾಮಾನು ಕುದಿಯುವ ಪಾತ್ರೆಯ ಹಬೆ, ಮೇಲೆದ್ದು ಹಾಗೇ ಟ್ರೇಯ ಕಡೆ ಬಾಗುತ್ತಿದೆ, ಟ್ರೇಯಲ್ಲಿ ನನ್ನ ಪಟ್ಟಿಗಳು, ನಾನೇ ರೂಪಿಸಿದ ರಕ್ತಪರೀಕ್ಷೆಯ ಪಟ್ಟಿಗಳು, ಪೊಟ್ಟಣದಿಂದ ತೆಗೆದು ಸಾಲಾಗಿ ಮಲಗಿಸಿದವು, ಎಷ್ಟು ಓರಣವಾಗಿ ಜೋಡಿಸಿದ್ದಾಳೆ ಈ ನರ್ಸು, ಬೆಳಿಗ್ಗೆ ಎಂಟಕ್ಕೇ ಎಲ್ಲ ಒಡೆದಿಟ್ಟೆ ಮೇಡಂ, ಜನ ಬಂದ್ಮೇಲೆ ಕೈಗವಸಲ್ಲಿ ಹರಿಯೋಕೆ ಬರಲ್ಲ, ಜಾರತ್ತೆ, ನಿಮಗೂ ಬೇಗ ಆಗ್ಲಿ ಅಂತ — ಹೇಗೆ ಬೈಯಲಿ ಇವಳನ್ನು, ಅಮ್ಮನೂ ಹೀಗೇ, ಬಿತ್ತನೆಗೆ ವಾರ ಮೊದಲೇ ಬೀಜದ ಗಡಿಗೆಯ ಬಾಯಿ ಬಿಚ್ಚಿಟ್ಟವಳು, ತೇವ ಕುಡಿದ ಬೀಜ ನೋಡೋಕೆ ಚೆನ್ನಾಗೇ ಇರತ್ತೆ ಕಣೇ, ಹುಟ್ಟಲ್ಲ ಅಷ್ಟೆ, ಎಂದಿದ್ದರು ಅಪ್ಪ, ಪಟ್ಟಿಗಳೂ ನೋಡಲು ಚೆನ್ನಾಗೇ ಇವೆ. ನಾಲ್ಕು ನಿಮಿಷ. ಎದುರು ಕೂತ ಅಜ್ಜಿಯ ಹೊಸ ಪಟ್ಟಿಯಲ್ಲಿ ಮೊದಲ ಗೆರೆ ಬಂದಿದೆ, ಅದು ಎಲ್ಲರಿಗೂ ಬರುವ ಗೆರೆ, ಪಟ್ಟಿ ಕೆಲಸ ಮಾಡಿತು ಅಂತ ಹೇಳುವುದಕ್ಕೆ, ರಕ್ತದಲ್ಲಿ ಮಲೇರಿಯಾ ಇದ್ದರೆ ಎರಡನೆಯದು, ಅದರ ಜಾಗ ಬೆಳ್ಳಗಿದೆ, ಇನ್ನೂ ಬೆಳ್ಳಗೇ ಇದೆ. ಬೆಳಿಗ್ಗೆ ಹನ್ನೆರಡು ಜನಕ್ಕೂ ಹೀಗೇ ಒಂದೇ ಗೆರೆ, ಹನ್ನೆರಡೂ ಜನ ಮನೆಗೆ, ಈ ಅಜ್ಜಿಯೊಬ್ಬಳು ಮಾತ್ರ ದಾರಿಯ ಮೋರಿಕಟ್ಟೆಯ ಮೇಲೆ ಕೂತು ನಡುಗಿ ನಡುಗಿ ವಾಪಸು ಬಂದಳು, ನನ್ನ ಚೀಲದಲ್ಲಿದ್ದ ಹೊಸ ಪೊಟ್ಟಣ ಹರಿದು ಮತ್ತೆ ಚುಚ್ಚಿದೆ, ಹತ್ತು ಬೆರಳೂ ಮುಗಿಸಿಬಿಡು ತಾಯಿ, ಹೇಗೂ ಈಗ ಹಾಲು ಕರೆಯೋದು ಸೊಸೆ, ಎಂದು ನಕ್ಕಳು, ನಗುವಾಗಲೂ ಹಲ್ಲು ಕಟಕಟ. ಆರು ನಿಮಿಷ. ಬರದಿರಲಿ — ಏನು ಕೋರುತ್ತಿದ್ದೇನೆ ನಾನು, ಅಜ್ಜಿಗೆ ರೋಗ ಇಲ್ಲದಿರಲಿ ಅಂತಲೋ, ನನ್ನ ಪಟ್ಟಿ ಬೆಳಿಗ್ಗೆ ಸುಳ್ಳು ಹೇಳದಿರಲಿ ಅಂತಲೋ, ಕೇಳಿದರೆ ಎರಡೂ ಒಂದೇ ಅನ್ನಬಹುದು, ಒಂದೇ ಅಲ್ಲ. ಸೂಚನೆಯ ಹಾಳೆಯಲ್ಲಿ ಚಿತ್ರಗಳು ಆರಿದ್ದವು, ಐದಕ್ಕಿಳಿಸಿದವಳು ನಾನು, ಹಾಳೆಯ ಒಂದೇ ಮಗ್ಗುಲಲ್ಲಿ ಅಚ್ಚಾದರೆ ಅಗ್ಗ, ಒಡೆದ ಕೂಡಲೇ ಬಳಸಿ ಅನ್ನುವುದನ್ನೂ ಚಿತ್ರ ಬರೆದು ಹೇಳಬೇಕೇ, ಅದು ಯಾರಿಗೆ ಗೊತ್ತಿಲ್ಲ ಎಂದೆ, ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು, ಅವರಲ್ಲಿ ಯಾರೂ ಒದ್ದೆ ಕೈಗವಸಲ್ಲಿ ಪೊಟ್ಟಣ ಹರಿದವರಲ್ಲ, ಈ ನರ್ಸು ಹಾಳೆಯನ್ನು ಗೋಡೆಗೆ ಅಂಟಿಸಿ ಐದೂ ಚಿತ್ರ ತಪ್ಪದೆ ಮಾಡಿದ್ದಾಳೆ. ಎಂಟು. ಬೆಳಿಗ್ಗೆ ಆ ಬಸುರಿ, ಎಂಟು ತಿಂಗಳು, ಬೆಂಚಿನಿಂದ ಏಳಲು ಗಂಡನ ಭುಜ ಹಿಡಿದವಳು, ಅದಲ್ಲ ಅಂದ್ರಲ್ಲ ಅಕ್ಕಾ, ಅಷ್ಟು ಸಾಕು, ಹೋಗಿ ಮಲಗ್ತೀನಿ, ಮಲಗಿರುತ್ತಾಳೆ ಈಗ, ಗುಳಿಗೆ ಇಲ್ಲ, ಹೊದಿಕೆಯ ಮೇಲೆ ಹೊದಿಕೆ, ನನ್ನ ಮಾತು ನಂಬಿಕೊಂಡು — ಅದೇ ಬೆಳ್ಳಗಿನ ಜಾಗ, ಕಣ್ಣು ಮಿಟುಕಿಸಿದೆ, ಬೆಳ್ಳಗಿದೆಯೇ, ಕಿಟಕಿಯ ಕಡೆ ವಾಲಿಸಿದರೆ ಏನೋ ಒಂದು, ಕಣ್ಣಿನ ಆಯಾಸವಿರಬೇಕು, ಇಲ್ಲ, ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯ ಹಾಗೆ, ಬಂತೇನವ್ವಾ, ಅಜ್ಜಿ ಕೇಳುತ್ತಿದ್ದಾಳೆ, ನರ್ಸು ನನ್ನ ಮುಖ ನೋಡಿದಳು, ಪಟ್ಟಿ ನೋಡಲಿಲ್ಲ, ಹನ್ನೊಂದೂ ಮನೆ ಗೊತ್ತು ಮೇಡಂ, ಬಸುರಿದೇ ದೂರ, ಹೊಳೆ ಆಚೆ, ಮೊದಲು ಅಲ್ಲಿಗೇ ಹೋಗೋಣ, ಗುಳಿಗೆ ಡಬ್ಬಿ ತಗೊಳ್ತೀನಿ, ಅಂದಳು, ಏಳಬೇಕು, ಬೆಳ್ಳಗಿದ್ದಲ್ಲಿ ಗೆರೆ, ತಿಳಿಗೆಂಪು ಗೆರೆ, ಈಗ ತಿಳಿಯೂ ಅಲ್ಲ, ಕೆಂಪು